ಮದುಮಗಳಿಗೆ ಬಂದ ಪಾಲಿಶ್

ನಮ್ಮ ಊರಿನವರಿಗೆ ಅಕ್ಕಿ ಪಾಲಿಶ್ ಆಗಿರಬಾರದು. ಮಂಗಳೂರಿನ ಯಾವ ದಿನಸಿ ಅಂಗಡಿಯ ಮುಂದೆ ನಿಂತರೂ ನೋಡಬಹುದು, ಯಾರಾದರೊಬ್ಬರು ಕುಚ್ಚಲಕ್ಕಿಯ ಗೋಣಿಗೆ ಕೈ ಹಾಕಿ, ಒಂದು ಹಿಡಿ ಎತ್ತಿ ಬೆಳಕಿಗೆ ಹಿಡಿದು, "ಇದು ಪಾಲಿಶ್ ಮಾಡಿದ್ದಲ್ಲ ಅಲ್ವಾ?" ಎಂದು ಅಂಗಡಿಯವನನ್ನು ಕಳ್ಳನನ್ನು ವಿಚಾರಿಸುವ ಹಾಗೆ ವಿಚಾರಿಸುತ್ತಿರುತ್ತಾರೆ. ಕಾಳಿನ ಮೇಲೆ ಕೆಂಪು ಉಳಿದಿದ್ದರೆ ಸತ್ವ, ಬೆಳ್ಳಗಾದರೆ ಸಕ್ಕರೆ ಕಾಯಿಲೆ. ಇದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಅದೇ ಜನ ಅಕ್ಕಿಯನ್ನು ಮನೆಗೆ ಮುಟ್ಟಿಸಿ, ಮಗನಿಗೆ ಹೆಣ್ಣು ನೋಡಲು ಹೊರಟರೆಂದರೆ ಅವರ ವಿಜ್ಞಾನ ತಲೆಕೆಳಗಾಗುತ್ತದೆ. ಹೆಣ್ಣು ಬೆಳ್ಳಗಿರಬೇಕು, ಇಲ್ಲದಿದ್ದರೆ ಬೆಳ್ಳಗೆ ಮಾಡಬೇಕು. ಸತ್ವದ ಮಾತನ್ನು ಅಲ್ಲಿ ಯಾರೂ ಎತ್ತುವುದಿಲ್ಲ.

ಪಾಲಿಶ್ ಎಂಬ ವಿಷಯದಲ್ಲಿ ಮಾತಾಡಲು ನನಗೆ ಸ್ವಲ್ಪ ಅಧಿಕಾರವಿದೆ. ಬಂದರಿನಲ್ಲಿ ನನ್ನದೊಂದು ಹಾರ್ಡ್‌ವೇರ್ ಮತ್ತು ಪೇಂಟಿನ ಅಂಗಡಿಯಿದೆ. ಬಾಗಿಲು, ಮಂಚ, ಊಟದ ಮೇಜು ಇವುಗಳ ಪಾಲಿಶ್ ಬಗ್ಗೆ ನೀವು ಎಂತಹ ಪ್ರಶ್ನೆ ಕೇಳಿದರೂ ಉತ್ತರ ಕೊಡುತ್ತೇನೆ. ಕೇಳದಿದ್ದರೂ ಕೊಡುತ್ತೇನೆ ಎಂದು ನನ್ನ ಹೆಂಡತಿ ವಿಜಯಾ ಹೇಳುತ್ತಾಳೆ. ಆದರೆ ಮನುಷ್ಯನ ಮೈಗೂ ಪಾಲಿಶ್ ಉಂಟು, ಅದಕ್ಕೆ ಎಸಿ ಹಾಕಿದ ಕೋಣೆ ಉಂಟು, ಅದನ್ನು ಕಲಿತ ತಜ್ಞರು ಉಂಟು ಎಂಬುದು ಐವತ್ತೆಂಟು ದಾಟಿದ ನನಗೆ ಮೊನ್ನೆಯವರೆಗೂ ಗೊತ್ತಿರಲಿಲ್ಲ. ನಮ್ಮ ಬಾಲ್ಯದಲ್ಲಿ ಚರ್ಮಕ್ಕೆ ಆಗುತ್ತಿದ್ದ ಉಪಚಾರವೆಂದರೆ ಅಜ್ಜಿ ಹಬ್ಬದ ದಿನ ಎಣ್ಣೆ ಹಚ್ಚಿ, ಒಣಗಿದ ಹೀರೆಕಾಯಿಯ ನಾರಿನಿಂದ ನಮ್ಮನ್ನು ತಿಕ್ಕುತ್ತಿದ್ದದ್ದು. ನಾವು ಬೊಬ್ಬೆ ಹಾಕಿದಷ್ಟೂ ಅವಳಿಗೆ ಉತ್ಸಾಹ. ಕಣ್ಣಿಗೆ ಸೀಗೆಪುಡಿ ಹೋಗಿ ಅಳುವಾಗ, "ಮಣ್ಣು ಹೋಯಿತು, ಇನ್ನು ಉಳಿದದ್ದು ಬಣ್ಣ, ಅದು ಹೋಗುವುದಿಲ್ಲ" ಎಂದು ಹೇಳಿ ಎರಡು ತಂಬಿಗೆ ಬಿಸಿನೀರು ಸುರಿದು ಕಳಿಸುತ್ತಿದ್ದಳು. ಆ ಮಾತಿನಲ್ಲಿ ಬೇಸರವೇನೂ ಇರಲಿಲ್ಲ.

ನನ್ನ ಬಣ್ಣದ ಬಗ್ಗೆ ಹೇಳಲೇಬೇಕು, ಯಾಕೆಂದರೆ ಈ ಕಥೆಯ ಮೂಲ ಅದೇ. ನಾನು ಕಪ್ಪು. 'ಎಣ್ಣೆಗೆಂಪು', 'ಗೋಧಿ ಬಣ್ಣ' ಮುಂತಾದ ವಧುವರರ ಜಾಹೀರಾತಿನ ಶಬ್ದಗಳು ನನ್ನ ಹತ್ತಿರ ಸುಳಿಯುವುದಿಲ್ಲ. ನನ್ನ ತಂಗಿ ಶಶಿಕಲಾ ಸಾಕಷ್ಟು ಬೆಳ್ಳಗಿದ್ದಾಳೆ. ಅವಳ ಮಗಳು ದೀಕ್ಷಾ ಹುಟ್ಟಿದಾಗ ತೊಟ್ಟಿಲಿಗೆ ಬಗ್ಗಿ ನೋಡಿದ ಹೆಂಗಸರೆಲ್ಲ ಒಂದೇ ಮಾತು ಹೇಳಿದರು: "ಮಗು ಲಾಯಕ್ಕುಂಟು, ಬಣ್ಣ ಮಾತ್ರ ತಮ್ಮಲೆಯದ್ದು." ತಮ್ಮಲೆ ಎಂದರೆ ತುಳುವಿನಲ್ಲಿ ಸೋದರಮಾವ, ಅಂದರೆ ನಾನು. ಹೊಸ ಬೈಕಿನಲ್ಲಿ ಗೀರು ಕಂಡವರ ಹಾಗೆ ಹೇಳಿ, ನನ್ನ ಕಡೆ ಒಮ್ಮೆ ನೋಡಿ, ಬಾದಾಮಿ ಹಾಲು ಕುಡಿದು ಹೋದರು. ಅಂದಿನಿಂದ ಈ ಹುಡುಗಿಗೆ ಏನೋ ಬಾಕಿ ಇಟ್ಟವನ ಹಾಗೆ ನಾನು ಅವಳು ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತ ಬಂದಿದ್ದೇನೆ. ಅವಳೋ ಬೆಳೆದು ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಆದಳು. ಇರುವ ಕಪ್ಪು ಸಾಲದೆಂಬಂತೆ ಬೆಳಗ್ಗಿನಿಂದ ಸಂಜೆಯವರೆಗೆ ಮೈದಾನದ ಬಿಸಿಲಿನಲ್ಲಿ ಸೀಟಿ ಊದುತ್ತ ನಿಲ್ಲುವ ಕೆಲಸ. ಅವಳ ಅಮ್ಮ ಕೊಡೆ ಕೊಟ್ಟು ಕಳಿಸಿದರೆ ಅದನ್ನು ಲಾಂಗ್‌ಜಂಪಿನ ಗುರುತಿಗೆ ಊರಿ ಬರುತ್ತಿದ್ದಳು.

ಇಂಥವಳಿಗೆ ಒಳ್ಳೆಯ ಕಡೆಯ ಸಂಬಂಧವೇ ಕೂಡಿಬಂತು. ಹುಡುಗ ನಿತಿನ್ ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದಾನೆ. ಅವನ ಮನೆಯವರದ್ದು ಮಂಗಳೂರಿನಲ್ಲಿ ಹೋಟೆಲು ವ್ಯಾಪಾರ. ಹುಡುಗ, ಹುಡುಗಿ ಮೊದಲೇ ಮಾತಾಡಿ ಒಪ್ಪಿಕೊಂಡಿದ್ದರಿಂದ ಹೆಣ್ಣು ನೋಡುವ ಶಾಸ್ತ್ರ ಬರೀ ಗೋಳಿಬಜೆ ತಿನ್ನುವ ಶಾಸ್ತ್ರವಾಗಿತ್ತು. ಆದರೂ ಹುಡುಗನ ತಾಯಿ ಸುಜಾತಕ್ಕ ಹೋಗುವಾಗ, "ಹುಡುಗಿಗೆ ಕಳೆ ಉಂಟು" ಎಂದರು. ನನಗೆ ಒಂದು ಗೋಳಿಬಜೆ ಗಂಟಲಲ್ಲಿ ನಿಂತಿತು. ಬೆಳ್ಳಗಿನ ಹುಡುಗಿಗೆ ಕಳೆ ಉಂಟೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ; ಅವಳಿಗೆ ಅದರ ಅಗತ್ಯವೂ ಬೀಳುವುದಿಲ್ಲ. ಇನ್ನು ಹುಡುಗ? ಅವನೂ ನಮ್ಮದೇ ಪಕ್ಷದವನು. ಆದರೆ ಅವನ ಬಣ್ಣಕ್ಕೆ ಅವರ ಮನೆಯಲ್ಲಿ 'ಅಲ್ಲಿಯ ಬಿಸಿಲು' ಎಂಬ ವಿವರಣೆ ಸಿದ್ಧವಾಗಿತ್ತು. ಗಂಡಸಿನ ಬಣ್ಣಕ್ಕೆ ಒಂದು ಕಾರಣ ಸಿಗುತ್ತದೆ, ಹೆಂಗಸಿನ ಬಣ್ಣಕ್ಕೆ ಒಂದು ಪರಿಹಾರ ಹುಡುಕುತ್ತಾರೆ. ಆ ಪರಿಹಾರ ನಿಶ್ಚಿತಾರ್ಥ ಮುಗಿದು ಕೆಲವು ವಾರಗಳಾದ ಮೇಲೆ ಶಶಿಯ ಮನೆಗೆ ಬಂತು.

ಮದರಂಗಿ ಶಾಸ್ತ್ರಕ್ಕೆ ಉಡುವ ಸೀರೆಯನ್ನು ಸುಜಾತಕ್ಕನೇ ಬಂದು ಕೊಟ್ಟು, ಚಹಾ ಕುಡಿದು ಹೋಗಿದ್ದರು. ಪೆಟ್ಟಿಗೆ ಬಿಚ್ಚಿ ಸೀರೆ ಎತ್ತಿದರೆ ಅದರಡಿಯಲ್ಲಿ ಚಿನ್ನದ ಬಣ್ಣದ ರಿಬ್ಬನ್ ಕಟ್ಟಿದ ಒಂದು ಕಾರ್ಡು. ಪಂಪ್‌ವೆಲ್ ಹತ್ತಿರದ ಯಾವುದೋ ಸ್ಪಾದಲ್ಲಿ ಒಂದು ಸಲದ 'ಫುಲ್ ಬಾಡಿ ಪಾಲಿಶಿಂಗ್', ಕಾರ್ಡು ತಂದವರಿಗೆ ಪೂರ್ತಿ ಉಚಿತ. ಅರ್ಧ ಗಂಟೆಯೊಳಗೆ ನನಗೂ ವಿಜಯಾಗೂ ಬರಲು ಕರೆ ಬಂತು. ಹೋಗಿ ನೋಡಿದರೆ ಆ ಕಾರ್ಡನ್ನು ಟೀಪಾಯಿಯ ಮಧ್ಯದಲ್ಲಿ ಇಟ್ಟು ಸುತ್ತ ಎಲ್ಲರೂ ಕೂತಿದ್ದರು. ನಮ್ಮ ಜಗಳಗಳೆಲ್ಲ ತುಳುವಿನಲ್ಲಿ ನಡೆಯುವುದು. ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ, ಖಾರ ಸ್ವಲ್ಪ ಕಡಿಮೆಯಾದರೆ ಕ್ಷಮಿಸಬೇಕು.

"ನನ್ನ ಮಗಳಿಗೆ ತುಕ್ಕು ಹಿಡಿದಿದೆಯಾ ಅಣ್ಣ? ಪಾಲಿಶ್ ಮಾಡಿಸಿ ಕೊಡಿ ಅಂತ ಹೇಳಿದ ಹಾಗಾಯ್ತಲ್ಲ!" ಎಂದು ಶಶಿ ಕಣ್ಣೊರೆಸಿಕೊಂಡಳು.

"ಅವಮಾನ ಎಂತದ್ದು ಇದರಲ್ಲಿ? ಈಗ ಎಲ್ಲ ಮದುಮಗಳಂದಿರೂ ಮಾಡಿಸ್ತಾರೆ. ನನಗೆ ಆಗ ಯಾರೂ ಕೊಡ್ಲಿಲ್ಲ, ಅಷ್ಟೆ" ಎಂದು ವಿಜಯಾ ನನ್ನ ಕಡೆ ನೋಡಿದಳು. ಕೊಡಬೇಕಾಗಿದ್ದವರು ನನ್ನ ಅಮ್ಮ ಎಂಬ ಅರ್ಥ ಅದರಲ್ಲಿತ್ತು.

ದೀಕ್ಷಾ ಮಾತ್ರ ಶಾಂತವಾಗಿದ್ದಳು. ಅವಳು ಶಾಂತವಾಗಿರುವುದು ಸೀಟಿ ಊದುವ ಮೊದಲು. "ಮಾಮ, ನನಗೆ ಒಂದೇ ವಿಷಯ ಗೊತ್ತಾಗ್ಬೇಕು. ಸುಮ್ಮನೆ ಖುಷಿಗೆ ಕೊಟ್ಟದ್ದಾದ್ರೆ ಹೋಗ್ತೇನೆ, ಥ್ಯಾಂಕ್ಸ್ ಕೂಡ ಹೇಳ್ತೇನೆ. ನನ್ನ ಬಣ್ಣ ಸರಿ ಮಾಡ್ಲಿಕ್ಕೆ ಕೊಟ್ಟದ್ದಾದ್ರೆ ಈ ಕಾರ್ಡನ್ನು ಧಾರೆಗೆ ಮೊದಲು ಅವರ ಕೈಗೇ ವಾಪಸ್ ಕೊಡ್ತೇನೆ. ಆಮೇಲೆ ಅವರು ಎಂತ ಬೇಕಾದ್ರೂ ಮಾಡ್ಲಿ."

ಅವಳು ಹೇಳಿದ್ದನ್ನು ಮಾಡುವವಳು. ಧಾರೆಯ ದಿನ ಮದುವೆ ಹಾಲ್‌ನಲ್ಲಿ ನೆಂಟರ ನಡುವೆ ಕಾರ್ಡು ವಾಪಸ್ ಕೊಟ್ಟರೆ ಏನಾಗಬಹುದೆಂದು ಯೋಚಿಸಿ ನನ್ನ ಭಾವನಿಗೆ, ಅಂದರೆ ಅವಳ ಅಪ್ಪನಿಗೆ, ಬೆವರಿತು. ಆ ಮನುಷ್ಯ ಇಂಥ ಸಂದರ್ಭಗಳಿಗೆಂದೇ ಇಟ್ಟುಕೊಂಡ ಒಂದು ವಾಕ್ಯವಿದೆ, ಅದನ್ನು ಹೇಳಿದ: "ತಮ್ಮಲೆ ಹೇಳಿದ ಹಾಗೆ." ಎಲ್ಲರೂ ಒಪ್ಪಿದರು. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿದ್ದ ಅಳಿಯಕಟ್ಟಿನ ಕಾಲದಲ್ಲಿ ಸೋದರಮಾವನೆಂದರೆ ಮನೆಯ ಯಜಮಾನ. ಆಸ್ತಿಯೂ ಅವನ ಕೈಯಲ್ಲಿ, ಅಧಿಕಾರವೂ ಅವನದ್ದು. ಈಗ ಕಟ್ಟು ಹೋಗಿ, ಆಸ್ತಿ ಪಾಲಾಗಿ, ಸೈಟುಗಳಾಗಿ, ಅಪಾರ್ಟ್‌ಮೆಂಟುಗಳಾಗಿ ಯಾರ್ಯಾರದೋ ಆಗಿದೆ. ಅಧಿಕಾರ ಮಾತ್ರ ನಮ್ಮ ಬಳಿಯೇ ಉಳಿದಿದೆ. ಮದುಮಗಳನ್ನು ಮಂಟಪಕ್ಕೆ ಕರೆದುಕೊಂಡು ಹೋಗುವ ಗೌರವ, ಮತ್ತೆ ಏನಾದರೂ ಹೆಚ್ಚುಕಡಿಮೆಯಾದರೆ ಎರಡೂ ಕಡೆಯಿಂದ ಬೈಸಿಕೊಳ್ಳುವ ಮೊದಲ ಹಕ್ಕು. ನಾನು ಗಂಟಲು ಸರಿಮಾಡಿಕೊಂಡು, "ಮೊದಲು ಅದು ಎಂತದ್ದು ಅಂತ ನಾನೇ ಹೋಗಿ ನೋಡಿ ಬರ್ತೇನೆ. ಆಮೇಲೆ ತೀರ್ಮಾನ" ಎಂದು ಕಾರ್ಡನ್ನು ಕಿಸೆಗೆ ಹಾಕಿಕೊಂಡೆ. ಆ ಕ್ಷಣದಲ್ಲಿ ನನ್ನ ಬಗ್ಗೆ ನನಗೆ ಭಾರೀ ಗೌರವ ಬಂದಿತ್ತು.

ಮಾರನೆಯ ದಿನ ಮಧ್ಯಾಹ್ನ ಅಂಗಡಿ ಮುಚ್ಚಿ ಹೊರಟೆ. ಪಂಪ್‌ವೆಲ್‌ನ ಮೇಲ್ಸೇತುವೆಯ ಕೆಳಗೆ ಬಸ್ಸುಗಳ ನಡುವೆ ಸಿಕ್ಕಿ ಬೆವರಿನಲ್ಲಿ ಮಿಂದು, ಹುಡುಕಿದ ಕಟ್ಟಡದ ಮೂರನೇ ಮಹಡಿಗೆ ಹೋಗುವಷ್ಟರಲ್ಲಿ ನಾನು ಸ್ಪಾ ತೋರಿಸಬೇಕಾದ 'ಮೊದಲು' ಚಿತ್ರದ ಹಾಗಿದ್ದೆ. ಬಾಗಿಲು ತೆರೆದರೆ ಒಳಗೆ ತಂಪು, ನಿಂಬೆಹುಲ್ಲಿನ ಪರಿಮಳ, ಎಲ್ಲಿಯೋ ನೀರು ಬೀಳುವ ಸದ್ದು. ಕೌಂಟರಿನಲ್ಲಿದ್ದ ಹುಡುಗಿ ನಗುತ್ತ ಕೈ ಚಾಚಿದಳು. ಕಾರ್ಡು ಕೊಟ್ಟೆ. ಅವಳು ಅದನ್ನು ಮೆಷಿನ್ನಿಗೆ ತೋರಿಸಿದಳು, ಮೆಷಿನ್ನು 'ಕುಂಯ್' ಎಂದಿತು. ಆಗ ನಾನು ನನ್ನ ವಿಚಾರಣೆ ಆರಂಭಿಸಿದೆ.

"ಇದು ಎಂತಕ್ಕೆ ಮಾಡುವುದಮ್ಮ? ಇದರಿಂದ ಎಂತ ಪ್ರಯೋಜನ?"

ಅವಳು ಒಂದೇ ಉಸಿರಿಗೆ ಹೇಳಿದಳು: "ಡೆಡ್ ಸ್ಕಿನ್ ಹೋಗ್ತದೆ ಸರ್. ರಕ್ತ ಸಂಚಾರ ಒಳ್ಳೆದಾಗ್ತದೆ. ಚರ್ಮ ಸಾಫ್ಟ್ ಆಗ್ತದೆ, ಹಚ್ಚಿದ ಕ್ರೀಮ್ ಒಳಗೆ ಎಳ್ಕೊಳ್ತದೆ. ಟ್ಯಾನ್ ಕಮ್ಮಿ ಆಗ್ತದೆ, ಗ್ಲೋ ಬರ್ತದೆ. ಮನಸ್ಸಿಗೆ ಕೂಡ ರಿಲ್ಯಾಕ್ಸ್."

"ಬೆಳ್ಳಗಾಗ್ತದಾ?"

"ನಾವು ಹಾಗೆ ಹೇಳುವುದಿಲ್ಲ ಸರ್. ಬ್ರೈಟ್ ಆಗ್ತದೆ."

"ಬ್ರೈಟ್ ಅಂದ್ರೆ ಬೆಳ್ಳಗೆಯಾ?"

"ಬ್ರೈಟ್ ಅಂದ್ರೆ ಬ್ರೈಟ್ ಸರ್."

ನನ್ನ ಅಂಗಡಿಯಲ್ಲಿ 'ವಾಟರ್‌ಪ್ರೂಫಾ?' ಎಂದು ಕೇಳಿದವರಿಗೆ 'ನೀರಿಗೆ ಒಳ್ಳೆದು' ಎಂದು ನಾನು ಹೇಳುವುದು ನೆನಪಾಯಿತು. ವ್ಯಾಪಾರದಲ್ಲಿ ಅವಳೂ ನಾನೂ ಒಂದೇ ಜಾತಿ. ಸರಿ, ನೋಡಿದ್ದಾಯಿತು, ಇನ್ನು ಹೋಗುತ್ತೇನೆ, ಕಾರ್ಡು ಕೊಡಿ ಎಂದೆ. ಅವಳ ನಗು ಸ್ವಲ್ಪ ಮಸುಕಾಯಿತು. "ಆಕ್ಟಿವೇಟ್ ಆಯ್ತಲ್ಲ ಸರ್. ಇವತ್ತೇ ಮಾಡಿಸ್ಬೇಕು, ಇಲ್ಲದಿದ್ರೆ ಲ್ಯಾಪ್ಸ್ ಆಗ್ತದೆ."

ನನ್ನ ಕಾಲ ಕೆಳಗಿನ ಟೈಲ್ಸು ಜಾರಿದಂತಾಯಿತು. ದೀಕ್ಷಾಗೆ ಫೋನು ಮಾಡಿದೆ. ಅವಳು ಮೈದಾನದಲ್ಲಿ, ಫೋನು ಸ್ಟಾಫ್ ರೂಮಿನಲ್ಲಿ. ಶಶಿಗೆ ಹೇಳುವ ಧೈರ್ಯ ಇರಲಿಲ್ಲ. ಮೆಷಿನ್ನಿನ 'ಕುಂಯ್' ಹಿಂದಕ್ಕೆ ಹೋಗುವುದಿಲ್ಲವಂತೆ. ಮ್ಯಾನೇಜರರನ್ನು ಕರೆಸಿ ಕೇಳಿದೆ, ಅವರದ್ದೂ ಅದೇ ಮಾತು. ಹಾಗಾದರೆ ಈ ಕಾರ್ಡು ಇನ್ನು ವಾಪಸ್ ಕೊಡಲೂ ಆಗದು, ಹುಡುಗಿಗೆ ಉಪಯೋಗಿಸಲೂ ಆಗದು. ನಮ್ಮವರು ಏನನ್ನು ಬೇಕಾದರೂ ಸಹಿಸುತ್ತಾರೆ, ಪುಕ್ಕಟೆ ಸಿಕ್ಕಿದ್ದು ಹಾಳಾಗುವುದನ್ನು ಸಹಿಸುವುದಿಲ್ಲ. ಮದುವೆ ಊಟದಲ್ಲಿ ಹೊಟ್ಟೆ ತುಂಬಿದ ಮೇಲೂ ಎಲೆಯಲ್ಲಿ ಉಳಿದ ಪಾಯಸವನ್ನು ಕುಡಿದು ಒದ್ದಾಡುವ ಜಾತಿ ನಮ್ಮದು. ಹಾಗಾಗಿ ನಾನು ನನ್ನನ್ನೇ ಬಲಿ ಕೊಟ್ಟುಕೊಂಡೆ ಎಂದು ಹೇಳಿದರೆ ನೀವು ನಂಬಬಹುದು. ಪೂರ್ತಿ ನಂಬುವುದು ಬೇಡ. ಎಸಿ ಬಹಳ ಹಿತವಾಗಿತ್ತು, ಹೊರಗೆ ಬಿಸಿಲು ಸುಡುತ್ತಿತ್ತು, ಮತ್ತೆ ನನಗೂ ಒಂದು ಕುತೂಹಲ.

ಗಂಡಸರಿಗೆ ಗಂಡಸರೇ ಮಾಡುವುದು. ಕಾಸರಗೋಡು ಕಡೆಯ ಒಬ್ಬ ದೃಢಕಾಯ ಮನುಷ್ಯ ಬಂದು ಕಾಗದದಂಥದ್ದೊಂದು ಚಡ್ಡಿ ಕೊಟ್ಟು, ಉಟ್ಟದ್ದನ್ನೆಲ್ಲ ತೆಗೆದಿಡಲು ಹೇಳಿದ. ಸಂಸಾರಸ್ಥನೊಬ್ಬನ ಮಾನವನ್ನು ಕಾಪಾಡಲು ಅಷ್ಟು ತೆಳುವಿನ ಕಾಗದ ಸಾಲದೆಂದು ನನ್ನ ಅಭಿಪ್ರಾಯ. ಅದನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಹಲಗೆಯ ಮೇಲೆ ಕವುಚಿ ಮಲಗಿದೆ. ಅವನು ಬೆನ್ನಿಗೆ ಎಣ್ಣೆ ಹೊಯ್ದು, ಕಾಫಿಪುಡಿ, ಸಕ್ಕರೆ, ಉಪ್ಪು ಕಲಸಿದ ಏನನ್ನೋ ಹಾಕಿ ತಿಕ್ಕಲು ಶುರುಮಾಡಿದ. ಸ್ಯಾಂಡ್‌ಪೇಪರ್ ಮಾರುವವನ ವೃತ್ತಿಧರ್ಮ ಬಿಡಲಾಗದೆ ಕೇಳಿದೆ: "ಇದು ಎಷ್ಟು ನಂಬರಿನದ್ದು? ಮೊದಲು ಒರಟು, ಆಮೇಲೆ ನಯ, ಹಾಗಾ?"

"ಮೀಡಿಯಂ ಸರ್. ಪ್ರೆಷರ್ ಓಕೆಯಾ?"

"ಮೀಡಿಯಮ್ಮಿನಿಂದಲೇ ಶುರು ಮಾಡಿದ್ರೆ ಫಿನಿಶಿಂಗ್ ಬರುವುದಿಲ್ಲ ಮಾರಾಯ" ಎಂದೆ. ಅವನು ಸುಮ್ಮನೆ ಒತ್ತಡ ಹೆಚ್ಚಿಸಿದ. ಮುಂದೆ ಬಹಳ ಹೊತ್ತು ನನಗೆ ಸಲಹೆ ಕೊಡಲು ಉಸಿರು ಸಿಗಲಿಲ್ಲ. ತಿಕ್ಕಿದ ಮೇಲೆ ಬಿಸಿ ಬಟ್ಟೆಯಲ್ಲಿ ಒರೆಸಿ, ಅರಿಶಿನ, ಮೊಸರು ಕಲಸಿದ ಲೇಪ ಹಚ್ಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹೀಗೇ ಇರಿ ಎಂದು ಹೇಳಿ ದೀಪ ಸಣ್ಣದು ಮಾಡಿ ಹೋದ. ಉಪ್ಪು ತಿಕ್ಕಿ, ಅರಿಶಿನ ಹಚ್ಚಿ, ಸ್ವಲ್ಪ ಹೊತ್ತು ಹಾಗೇ ಇಡುವುದು ನಮ್ಮ ಮನೆಯಲ್ಲಿ ಅಂಜಲ್ ಮೀನಿಗೆ. ಅದರ ನಂತರದ ಹಂತ ಯಾವುದೆಂದು ಮಂಗಳೂರಿನ ಪ್ರತಿಯೊಬ್ಬನಿಗೂ ಗೊತ್ತು. ಕಾವಲಿಯ ಶಬ್ದ ಕೇಳುತ್ತದೆಯೇ ಎಂದು ಕಿವಿಗೊಟ್ಟು ಮಲಗಿದ್ದವನು ಯಾವಾಗ ಗೊರಕೆ ಹೊಡೆದೆನೋ ಗೊತ್ತಿಲ್ಲ.

ಎದ್ದು ಮಿಂದು ಹೊರಗೆ ಬಂದಾಗ ನಿಜ ಹೇಳುತ್ತೇನೆ, ಮೈ ನನ್ನದಲ್ಲ ಎನಿಸಿತು. ಅಂಗಿ ಮೈಯಿಂದ ಜಾರುತ್ತಿತ್ತು. ಲಿಫ್ಟಿನ ಕನ್ನಡಿಯ ಮುಂದೆ ಒಬ್ಬನೇ ನಿಂತು, ಬಾಗಿಲು ತೆರೆದು ಮುಚ್ಚಿದರೂ ಇಳಿಯದೆ, ಎಡಕ್ಕೆ ಬಲಕ್ಕೆ ತಿರುಗಿ ಮುಖ ನೋಡಿಕೊಂಡೆ. ಏನನ್ನು ಹುಡುಕುತ್ತಿದ್ದೆ? ಹೊಳಪನ್ನು ಎಂದು ನಿಮ್ಮೆದುರು ಹೇಳಬಹುದು. ಆದರೆ ನಾನು ಹುಡುಕುತ್ತಿದ್ದದ್ದು ಒಂದು ಗುಲಗಂಜಿಯಷ್ಟಾದರೂ ಬೆಳ್ಳಗಾಗಿದ್ದೇನೆಯೇ ಎಂದು. ಹಿಂದಿನ ದಿನ ಸೋದರಸೊಸೆಯ ಬಣ್ಣದ ಪರವಾಗಿ ಎದೆಯುಬ್ಬಿಸಿದ್ದ ತಮ್ಮಲೆ! ನಾಚಿಕೆಯಾಗಿ ಮೆಟ್ಟಿಲಿಳಿದು ಹೋದೆ.

ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ವಿಜಯಾಗೆ ಕಾಫಿಯ ವಾಸನೆ ಬಡಿಯಿತು. ಕೈ ಮುಟ್ಟಿ ನೋಡಿದಳು. "ದೇವೆರೇ! ಬೆಣ್ಣೆಯ ಹಾಗಾಗಿದೆಯಲ್ಲ!" ಎಂದು ಸಂತೋಷಪಟ್ಟವಳಿಗೆ ಮರುಕ್ಷಣ ವಿಷಯ ಹೊಳೆಯಿತು. "ಆ ಹುಡುಗಿಯ ಕಾರ್ಡಲ್ಲಿ ನೀವು ಮಾಡಿಸಿಕೊಂಡು ಬಂದ್ರಾ? ನಿಮಗೆ ಎಂತ ಧಾರೆ ಉಂಟಾ ಮಾರಾಯ್ರೆ ಮುಂದಿನ ವಾರ?" ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ನಕ್ಕಳು, ಬೈದಳು, ಮತ್ತೆ ನಕ್ಕಳು. ಕೊನೆಗೆ ಮದುವೆ ಮುಗಿಯುವವರೆಗೆ ಬಾಯಿ ಬಿಡಬಾರದು ಎಂದು ಇಬ್ಬರೂ ನಿಶ್ಚಯಿಸಿದೆವು. ದೀಕ್ಷಾ ಕೇಳಿದಾಗ, "ಹೋಗಿ ನೋಡಿದೆ. ರಕ್ತ ಸಂಚಾರಕ್ಕೆ ಒಳ್ಳೆದಂತೆ, ಬಣ್ಣದ ವಿಷಯವೇ ಇಲ್ಲ. ನೀನು ಅದನ್ನು ನನಗೆ ಬಿಡು" ಎಂದೆ. ಅವಳು ನನ್ನನ್ನು ನಂಬಿದಳು. ಅದೇ ನನಗೆ ಹೆಚ್ಚು ಚುಚ್ಚಿದ್ದು. ಹುಡುಗಿ ತನ್ನ ಮಾನ ಉಳಿಸಿಕೊಳ್ಳಲು ಇಟ್ಟುಕೊಂಡಿದ್ದ ಏಕೈಕ ಅಸ್ತ್ರವನ್ನು ನಾನು ಬೆನ್ನಿಗೆ ಹಚ್ಚಿಸಿಕೊಂಡು ಬಂದಿದ್ದೆ.

ಧಾರೆಯ ದಿನ ಬೆಳಿಗ್ಗೆ ಮದುವೆ ಹಾಲ್‌ನ ಹಿಂದಿನ ಕೋಣೆಯಲ್ಲಿ ದೀಕ್ಷಾಳ ಅಲಂಕಾರ ಮುಗಿದಿತ್ತು. ಮೇಕಪ್ಪಿನವಳು ಎರಡು ಶೇಡು ಬೆಳ್ಳಗಿನದ್ದನ್ನು ತೆಗೆದಾಗ, "ನನ್ನ ಬಣ್ಣದ್ದೇ ಹಾಕಿ, ಇಲ್ಲದಿದ್ರೆ ಹಾಕುವುದೇ ಬೇಡ" ಎಂದು ಇವಳು ಗದರಿಸಿದ್ದಳಂತೆ. ತಲೆತುಂಬ ಮಲ್ಲಿಗೆ, ಕೈತುಂಬ ಮದರಂಗಿ, ಚಂದ ಕಾಣುತ್ತಿದ್ದಳು; ನನ್ನ ಕಣ್ಣು ತುಂಬಿತು. ನಾನು ಅವಳನ್ನು ಮಂಟಪಕ್ಕೆ ಕರೆದೊಯ್ಯಲು ಪೇಟ ಇಟ್ಟು, ರೇಷ್ಮೆ ಶಲ್ಯ ಹೊದ್ದು ಬಾಗಿಲಲ್ಲಿ ನಿಂತಿದ್ದೆ. ಆಗ ಸುಜಾತಕ್ಕ ತಮ್ಮ ಕಡೆಯ ನಾಲ್ಕಾರು ಹೆಂಗಸರ ಜೊತೆ ಒಳಗೆ ಬಂದರು. ದೀಕ್ಷಾಳನ್ನು ಕಂಡವರೇ ಅವಳ ತೋಳನ್ನು ಹಿಡಿದೆತ್ತಿ ಜೊತೆಯವರಿಗೆ ತೋರಿಸಿದರು.

"ನೋಡಿ, ನಾನು ಹೇಳಿದ್ದಲ್ವಾ? ಒಂದೇ ಸಲಕ್ಕೆ ಎಷ್ಟು ಡಿಫರೆನ್ಸ್! ಎಷ್ಟು ಬೆಳ್ಳಗಾಗಿದೆ ನೋಡಿ ತೋಳು!"

"ಎಂತದ್ದು ಅತ್ತೆ?" ಎಂದಳು ದೀಕ್ಷಾ.

"ಆ ಪಾಲಿಶ್, ಮತ್ತೆಂತದ್ದು? ಕಾರ್ಡು ಯೂಸ್ ಆಯ್ತು ಅಂತ ಸ್ಪಾದವರು ನನಗೆ ಮೆಸೇಜ್ ಹಾಕಿದ್ದಾರೆ. ನಿನ್ನ ಟ್ಯಾನೆಲ್ಲ ಹೋಯ್ತಲ್ಲ, ನನಗೆ ಸಮಾಧಾನ ಆಯ್ತು ಮಗಾ. ಫೋಟೋದಲ್ಲಿ ಚಂದ ಬರ್ಬೇಕಲ್ಲ."

ಬಣ್ಣಕ್ಕೇ ಕೊಟ್ಟದ್ದು ಎಂಬುದು ಅಲ್ಲಿಗೆ ಖಚಿತವಾಯಿತು. ಶಶಿ ಗೋಡೆಗೆ ಒರಗಿದಳು. ದೀಕ್ಷಾ ನಿಧಾನವಾಗಿ ತಿರುಗಿ ನನ್ನನ್ನು ನೋಡಿದಳು. ಹೊರಗೆ ವಾದ್ಯದವರು ಜೋರು ಮಾಡಿದ್ದರು, ಪುರೋಹಿತರು ಹುಡುಗಿಯನ್ನು ಕರೆತನ್ನಿ ಎಂದು ಎರಡನೆಯ ಸಲ ಕೂಗಿದರು. ನಾನು "ಅದು ಎಂತದ್ದಂದ್ರೆ, ನಾನು ಸುಮ್ಮನೆ ನೋಡ್ಲಿಕ್ಕೆ ಅಂತ ಹೋದದ್ದು..." ಎಂದು ಶುರುಮಾಡಿ ಅಲ್ಲಿಗೇ ನಿಂತೆ. ಅವಳಿಗೆ ಅಷ್ಟು ಸಾಕಾಯಿತು.

"ಅತ್ತೆ, ನಾನು ಅಲ್ಲಿಗೆ ಹೋಗ್ಲೇ ಇಲ್ಲ" ಎಂದಳು ಅವಳು. ದನಿ ಎತ್ತರಿಸಲಿಲ್ಲ, ಆದರೆ ಮೈದಾನದ ಆ ತುದಿಗೂ ಕೇಳುವ ಸ್ಪಷ್ಟತೆ ಅದರಲ್ಲಿತ್ತು. "ನೀವು ಈಗ ಬೆಳ್ಳಗಾಗಿದೆ ಅಂತ ಹೇಳಿದ ತೋಳು ನೀವು ಮೊದಲ ದಿನ ನೋಡಿದ ಅದೇ ತೋಳು. ನಾಳೆ ಕೂಡ ಇದೇ ಇರ್ತದೆ. ನಿಮಗೆ ಆಗ್ತದೆ ಅಂತಾದ್ರೆ ನಾನು ಈಗ ಮಂಟಪಕ್ಕೆ ಹೋಗ್ತೇನೆ. ಪಾಲಿಶ್ ಆದದ್ದು ಮಾಮನಿಗೆ."

ಸುಜಾತಕ್ಕನ ಮುಖ ಒಮ್ಮೆ ಕೆಂಪಾಯಿತು, ಕೈಯಲ್ಲಿದ್ದ ಆ ತೋಳನ್ನು ಇನ್ನೊಮ್ಮೆ ನೋಡಿದರು. ಬಿಡಲಿಲ್ಲ. ಅದನ್ನು ಹಾಗೇ ಹಿಡಿದುಕೊಂಡು, "ಆಗದೆ ಎಂತ ಮಗಾ, ಹೋಗುವ" ಎಂದರು. ಶಶಿ ದೊಡ್ಡದೊಂದು ಉಸಿರು ಬಿಟ್ಟಳು. ಆಮೇಲೆ ಸುಜಾತಕ್ಕನ ದೃಷ್ಟಿ ನನ್ನ ಕಡೆ ತಿರುಗಿತು. ಪೇಟದಿಂದ ಪಾದದವರೆಗೆ ನಿಧಾನವಾಗಿ ನೋಡಿದರು, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು.

"ನಿಮಗಾ ಮಾಡಿಸಿದ್ದು?" ಎಂದು ನಿಜವಾದ ಬೇಸರದಿಂದ ಕೇಳಿದರು. "ಎಂತ ಕೂಡ ಗೊತ್ತಾಗುವುದಿಲ್ಲವಲ್ಲ!"

ಎರಡೂ ಕಡೆಯ ಹೆಂಗಸರು ಒಟ್ಟಿಗೇ ನಕ್ಕರು. ದೀಕ್ಷಾ ಮಲ್ಲಿಗೆ ಉದುರುವಷ್ಟು ನಕ್ಕಳು. ಸಂಬಂಧ ಉಳಿಯಿತು, ಹುಡುಗಿಯ ಮಾತು ಉಳಿಯಿತು, ಪಾಲಿಶಿನಿಂದ ಬಣ್ಣಕ್ಕೆ ಏನೂ ಆಗುವುದಿಲ್ಲ ಎಂಬ ನನ್ನ ವಾದವನ್ನು ಬೀಗಿತ್ತಿಯೇ ತುಂಬಿದ ಸಭೆಯಲ್ಲಿ ಒಪ್ಪಿದ್ದರು. ಸೋದರಮಾವನಾದವನಿಗೆ ಇದಕ್ಕಿಂತ ಹೆಚ್ಚಿನದು ಏನು ಬೇಕು? ಪುರೋಹಿತರು ಮೂರನೆಯ ಸಲ ಕೂಗುತ್ತಿದ್ದರು, ಮುಹೂರ್ತ ಮೀರುತ್ತಿತ್ತು. ನಾನು ಮಾತ್ರ ಬಾಗಿಲಿಗೆ ಅಡ್ಡ ನಿಂತು, ಶಲ್ಯ ಸರಿಸಿ, ಜುಬ್ಬದ ತೋಳನ್ನು ಮೊಣಕೈಯವರೆಗೆ ಮಡಚುತ್ತ, "ದೂರದಿಂದ ಗೊತ್ತಾಗುವುದಿಲ್ಲ ಸುಜಾತಕ್ಕ, ಒಮ್ಮೆ ಇಲ್ಲಿ ಮುಟ್ಟಿ ನೋಡಿ" ಎನ್ನುತ್ತಿದ್ದೆ.